ವಿನೋದಿನಿಯ ಮೂಗೂ ಅಕ್ಕಿಯ ಹೆಂಡವೂ

ಕಡಲಾಚೆಯ ಕಾರ್ಕ್ ನಗರದ ಪಕ್ಕದ ಬ್ಯಾಲಿನ್‌ಕೊಲಿಗ್‌ನಲ್ಲಿ ಕನ್ನಡದ ಮನೆಗಳು ಬೆರಳೆಣಿಕೆಯಷ್ಟು. ಅಷ್ಟೂ ಮನೆಗಳಿಗೆ ವಿನೋದಿನಿಯ ಮೂಗಿನ ಪರಿಚಯವಿತ್ತು, ಒಂದು ಮನೆಗೂ ಅದರ ಮೇಲೆ ಪ್ರೀತಿ ಇರಲಿಲ್ಲ. ಊಟಕ್ಕೆ ಕರೆದರೆ, ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲೇ ಅವಳ ಮೂಗು ಅಡುಗೆಮನೆ ಹೊಕ್ಕು ಬಂದಿರುತ್ತಿತ್ತು. "ಒಗ್ಗರಣೆ ಸೀದೋಯ್ತಾ?" ಎಂದು ಕೋಟು ಬಿಚ್ಚುತ್ತಲೇ ಕೇಳುವವಳು. ಒಮ್ಮೆ ಪಾಪ ಯಾರೋ ಹಿಂದಿನ ದಿನದ ಹುಳಿಯನ್ನು ಬಿಸಿ ಮಾಡಿ ಬಡಿಸಿದ್ದಕ್ಕೆ, ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಥೂ, ಹಳಸಿದೆ ರೀ ಇದು, ನೀವೇ ಮೂಸಿ ನೋಡಿ" ಅಂದುಬಿಟ್ಟಳು. ಆ ಮನೆಯಿಂದ ಮತ್ತೆ ಕರೆ ಬರಲಿಲ್ಲ. ಅದಕ್ಕೆ ಅವಳು ತಲೆಯನ್ನೂ ಕೆಡಿಸಿಕೊಳ್ಳಲಿಲ್ಲ.

ಹೇಸಿಗೆ ಪಡುವುದರಲ್ಲಿ ಅವಳಿಗೊಂದು ಗತ್ತೇ ಇತ್ತು. ಕಾರ್ಕ್‌ಗೆ ಹೋಗುವ ಬಸ್ಸಿನಲ್ಲಿ ಮಳೆಗೆ ನೆನೆದ ಉಣ್ಣೆ ಕೋಟುಗಳ ವಾಸನೆ, ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಬೆಳಬೆಳಗ್ಗೆ ಹುರಿಯುವ ಹಂದಿಮಾಂಸದ ವಾಸನೆ, ವಸಂತ ಬಂತೆಂದರೆ ಸುತ್ತಲಿನ ಹೊಲಗಳಿಗೆ ಎರಚುವ ಸಗಣಿನೀರಿನ ವಾಸನೆ, ಎಲ್ಲಕ್ಕೂ ಅವಳ ಮೂಗಿನ ಹೊಳ್ಳೆ ಒಂದೇ ರೀತಿ ಬಿಗಿದುಕೊಳ್ಳುತ್ತಿತ್ತು. ಹೆಂಡದ ವಿಷಯವನ್ನಂತೂ ಕೇಳಲೇಬೇಡಿ. ಮೈಸೂರಿನ ಮನೆಯಲ್ಲಿ ಅವಳ ಚಿಕ್ಕಪ್ಪನೊಬ್ಬ ಸಂಜೆ ಗಂಟಲವರೆಗೆ ಏರಿಸಿಕೊಂಡು ಬಂದು, ಮಕ್ಕಳನ್ನು ಹಿಡಿದು ಹಿಡಿದು ಕೆನ್ನೆಗೆ ಮುತ್ತಿಡುತ್ತಿದ್ದ. ಆ ಹುಳಿ ಉಸಿರು, ಆ ಒದ್ದೆ ಮೀಸೆ! ಅವನು ಸತ್ತು ಎಷ್ಟೋ ವರ್ಷವಾದರೂ ವಿನೋದಿನಿಯ ಕೆನ್ನೆ ಅದನ್ನು ಮರೆತಿರಲಿಲ್ಲ. ಹಾಗಾಗಿ ಅವಳ ಮನೆಯೊಳಕ್ಕೆ ಬಾಟಲಿ ಬರುವಂತಿರಲಿಲ್ಲ.

ಗಂಡ ಸ್ಕಂದ ಸಾಧು ಪ್ರಾಣಿ. ಸಾಫ್ಟ್‌ವೇರ್ ಕೆಲಸ, ವಾರಕ್ಕೊಮ್ಮೆ ಒಂದು ಬಿಯರು, ಇಷ್ಟು ಅವನ ಸಂಸಾರದ ಹೊರಗಿನ ಬದುಕು. ಆ ಒಂದು ಬಿಯರನ್ನೂ ಅವನು ಹಿತ್ತಲಿನ ಮರದ ಷೆಡ್ಡಿನಲ್ಲಿ, ಹುಲ್ಲು ಕತ್ತರಿಸುವ ಯಂತ್ರದ ಪಕ್ಕ ಕೂತು ಕುಡಿದು, ಬಾಯಿ ಮುಕ್ಕಳಿಸಿ, ಏಲಕ್ಕಿ ಜಗಿದು ಒಳಗೆ ಬರಬೇಕಿತ್ತು. ಬಂದರೂ ಆ ರಾತ್ರಿ ಸಣ್ಣ ಕೋಣೆಯಲ್ಲೇ ಹಾಸಿಗೆ. "ಜೈಲಲ್ಲಿರೋರಿಗೂ ಇದಕ್ಕಿಂತ ಮರ್ಯಾದೆ ಇದೆ ಕಣೇ" ಅಂತಿದ್ದ ಅವನು. "ಹಾಗಾದ್ರೆ ಅಲ್ಲಿಗೇ ಹೋಗು" ಅಂತಿದ್ದಳು ಇವಳು.

ಇಡೀ ಪ್ರಪಂಚದಲ್ಲಿ ಆ ಮೂಗು ಸೋಲುತ್ತಿದ್ದುದು ಒಂದೇ ಕಡೆ: ಮಗಳು ಇಂಚರಾಳ ನೆತ್ತಿಯಲ್ಲಿ. ಏಳು ವರ್ಷದ ಹುಡುಗಿ, ಕಾರ್ಕ್‌ನಲ್ಲೇ ಹುಟ್ಟಿದವಳು, ಶಾಲೆಯಲ್ಲಿ ಎಲ್ಲರ ಬಾಯಲ್ಲೂ 'ಇಂಚ್'. ಅವಳನ್ನು ತೊಡೆಯ ಮೇಲೆ ಎಳೆದುಕೊಂಡು, ಬೈತಲೆಗೆ ಮೂಗು ಒತ್ತಿ ವಿನೋದಿನಿ ಉಸಿರೆಳೆಯುತ್ತಿದ್ದಳು. ಕೊಬ್ಬರಿಎಣ್ಣೆ, ಬೆವರು, ಶಾಲೆಯ ಬಣ್ಣದ ಪೆನ್ಸಿಲ್ಲು, ಇನ್ನೇನೇನೋ. ದಿನಕ್ಕೊಂದು ಸಲ ಅದಿಲ್ಲದಿದ್ದರೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಎರಡು ಸಾವಿರದ ಇಪ್ಪತ್ತರ ಮಾರ್ಚ್ ಕೊನೆಗೆ ಅವಳಿಗೆ ಕೊರೋನಾ ಬಂತು. ಜ್ವರ ಹೆಚ್ಚೇನೂ ಇರಲಿಲ್ಲ, ಕೆಮ್ಮೂ ಇರಲಿಲ್ಲ. ಒಂದು ಬೆಳಗ್ಗೆ ಎದ್ದರೆ ವಾಸನೆಯೇ ಇಲ್ಲ. ಒಡೆದ ಹಾಲಿನಲ್ಲಿ ಕಾಫಿ ಮಾಡಿ ಸ್ಕಂದನಿಗೆ ಕೊಟ್ಟಳು. ಅವನು ಪಿಟಿಕ್ಕೆನ್ನದೆ ಕುಡಿದ. ಅವನು ಎದ್ದುಹೋದ ಮೇಲೆ ಲೋಟದ ತಳದಲ್ಲಿ ಗಸಿ ಕಂಡು ಅವಳಿಗೆ ವಿಷಯ ಗೊತ್ತಾಯಿತು. "ಹೇಳಬಾರದೇನೋ?" ಎಂದರೆ, "ಹೇಳಿದ್ರೆ ನೀನು ಅಳ್ತಿದ್ದೆ" ಅಂದ. ಮಗಳ ನೆತ್ತಿ ಮೂಸಿದರೆ ಗೋಡೆ ಮೂಸಿದ ಹಾಗೆ, ಏನೂ ಇಲ್ಲ. ಆದರೂ ತಡೆದುಕೊಳ್ಳಬಹುದಿತ್ತು. ಬರತ್ತೆ, ಎಲ್ಲರಿಗೂ ಬಂದಿದೆ, ನನಗೂ ಬರತ್ತೆ ಅಂದುಕೊಂಡು ಕಾದಳು.

ಬಂತು, ಜುಲೈ ತಿಂಗಳಲ್ಲಿ. ಬಂದದ್ದು ಮಾತ್ರ ಹೋದದ್ದಲ್ಲ.

ಮೊದಲು ಕಾಫಿ. ಫಿಲ್ಟರಿಗೆ ಬಿಸಿನೀರು ಹೊಯ್ದಳು, ಮರುಕ್ಷಣ ಸಿಂಕಿನ ಮೇಲೆ ಬಗ್ಗಿದ್ದಳು. ಸತ್ತ ಇಲಿಯನ್ನು ಟಯರಿನ ಜೊತೆ ಸುಟ್ಟು, ಮೇಲೆ ಅಗ್ಗದ ಸೆಂಟು ಸಿಂಪಡಿಸಿದಂಥ ವಾಸನೆ. ಮೋರಿ ಕಟ್ಟಿಕೊಂಡಿದೆ ಎಂದು ಸ್ಕಂದನ ಕೈಲಿ ಹೊರಗಿನ ಚರಂಡಿಯ ಮುಚ್ಚಳ ತೆಗೆಸಿದಳು. ಅವನು ಮೊಣಕೈವರೆಗೆ ಕೈಹಾಕಿ ತಡಕಿ, "ಏನಿಲ್ವೇ ಇಲ್ಲಿ, ಲಕಲಕ ಅಂತಿದೆ" ಅಂದ. ಮಧ್ಯಾಹ್ನ ಈರುಳ್ಳಿ ಹೆಚ್ಚಿದಾಗ ಅದೇ ವಾಸನೆ. ಬೆಳ್ಳುಳ್ಳಿ, ಟೂತ್‌ಪೇಸ್ಟು, ಮೊಟ್ಟೆ, ಬಿಸಿ ಅನ್ನ, ಸೋಪು, ಎಲ್ಲವೂ ಅದೇ. ಹೆಸರು ಬೇರೆ ಬೇರೆ, ನಾತ ಒಂದೇ. ಡಾಕ್ಟರು ಫೋನಿನಲ್ಲೇ ನೋಡಿದರು, ಅಂದರೆ ನೋಡಲಿಲ್ಲ. ಇದಕ್ಕೆ ಪರೋಸ್ಮಿಯಾ ಅಂತಾರೆ, ಗಾಯಗೊಂಡ ನರ ತಪ್ಪುತಪ್ಪಾಗಿ ಕೂಡಿಕೊಳ್ಳುತ್ತಿದೆ, ಗುಲಾಬಿ, ಲವಂಗ, ನಿಂಬೆ, ನೀಲಗಿರಿ ಈ ನಾಲ್ಕು ಎಣ್ಣೆ ದಿನಾ ಮೂಸುತ್ತಾ ಇರಿ, "ಯು ವಿಲ್ ಬಿ ಗ್ರ್ಯಾಂಡ್" ಅಂದರು, ಸರಿಹೋಗುತ್ತೀರಿ ಎಂದು ಆ ಊರಿನ ಭಾಷೆಯಲ್ಲಿ. ನಾಲ್ಕೂ ತರಿಸಿದಳು. ನಾಲ್ಕೂ ನಾತ. ಮೈಸೂರಿನಿಂದ ಅಮ್ಮ ಓಮದ ಕಾಳನ್ನು ಬಟ್ಟೆಯಲ್ಲಿ ಕಟ್ಟಿ ಮೂಸು ಎಂದಳು. ಅದನ್ನು ಮೂಸಿದ್ದಕ್ಕೆ ಆ ದಿನವೆಲ್ಲ ಮಲಗಿಯೇ ಇದ್ದಳು.

ಮನೆಯೇ ತಲೆಕೆಳಗಾಯಿತು. ಒಗ್ಗರಣೆ ನಿಂತಿತು. ಸ್ಕಂದ ಒಂದು ವಿದ್ಯುತ್ ಒಲೆ ತಂದು ಷೆಡ್ಡಿನಲ್ಲಿಟ್ಟು, ಬಿಯರು ಕುಡಿಯುತ್ತಿದ್ದ ಜಾಗದಲ್ಲಿ ಸಾರು ಕುದಿಸತೊಡಗಿದ, ಅವನೂ ಮಗಳೂ ಅಲ್ಲೇ ಉಂಡು ಒಳಗೆ ಬರುತ್ತಿದ್ದರು. ವಿನೋದಿನಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆಫೀಸಿನ ಕೆಲಸ ಮಾಡುತ್ತ, ಒಗ್ಗರಣೆಯಿಲ್ಲದ ತಣ್ಣನೆ ಮೊಸರನ್ನ, ಸೌತೆಕಾಯಿ, ಮತ್ತೆ ಮೊಸರನ್ನ. ಕೆನ್ನೆ ಒಳಕ್ಕೆ ಹೋಯಿತು. ಬಳೆ ಮೊಣಕೈವರೆಗೆ ಜಾರತೊಡಗಿತು. ಅವಳು ಜೀವಮಾನವೆಲ್ಲ ಊರವರ ಮೇಲೆ ಎಸೆದ ಛೀ, ಥೂಗಳೆಲ್ಲ ಒಟ್ಟಿಗೆ ಅವಳ ಮನೆಗೇ ವಾಪಸು ಬಂದಂತಿತ್ತು. ಹಾಗೆಂದು ಯಾರೂ ಅನ್ನಲಿಲ್ಲ, ಅವಳೇ ಅಂದುಕೊಂಡಳು.

ಅಷ್ಟೂ ಸಹಿಸಿಕೊಂಡಾಳು. ಮಗಳ ನೆತ್ತಿಯೂ ಹಾಗೇ ಆಗಿದ್ದರೆ ಎಂಬ ಭಯಕ್ಕೆ ಅದನ್ನು ಮಾತ್ರ ಇಷ್ಟು ದಿನ ಮೂಸಿರಲಿಲ್ಲ. ಸೆಪ್ಟೆಂಬರಿನಲ್ಲಿ ಶಾಲೆ ತೆರೆಯಿತಲ್ಲ, ಆ ಮೊದಲ ದಿನ ಇಂಚರಾ ಬ್ಯಾಗನ್ನು ಬಾಗಿಲಲ್ಲೇ ಎಸೆದು, ಓಡಿ ಬಂದು ಅಮ್ಮನ ಕುತ್ತಿಗೆಗೆ ಜೋತುಬಿದ್ದಳು. ಆ ನೆತ್ತಿ, ಆ ಬೆವರು, ಆ ಕೂದಲು! ವಿನೋದಿನಿ ಅವಳನ್ನು ಎರಡೂ ಕೈಯಿಂದ ದಬ್ಬಿ ಬಚ್ಚಲಿಗೆ ಓಡಿದಳು. ಬಾಗಿಲು ಹಾಕುವಷ್ಟೂ ಪುರುಸೊತ್ತಾಗಲಿಲ್ಲ. ವಾಂತಿ ಮಾಡಿಕೊಂಡು ತಿರುಗಿದರೆ ಮಗಳು ಹೊಸಿಲಲ್ಲಿ ನಿಂತಿದ್ದಳು.

"ಆಮ್ ಐ ಸ್ಟಿಂಕಿ, ಅಮ್ಮಾ?"

"ಇಲ್ಲ ಪುಟ್ಟಾ, ಅಮ್ಮನ ಮೂಗು ಕೆಟ್ಟಿದೆ. ನೀನಲ್ಲ."

"ಓಕೆ," ಅಂದಳು ಹುಡುಗಿ. ಅವತ್ತು ಸಂಜೆ ಸ್ನಾನಕ್ಕೆ ಹೋದವಳು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಸ್ಕಂದ ಹೋಗಿ ನೋಡಿದರೆ ಶ್ಯಾಂಪೂ ಬಾಟಲಿ ಪೂರ್ತಿ ಖಾಲಿ, ಕೂದಲೆಲ್ಲ ನೊರೆ, ಉಜ್ಜಿ ಉಜ್ಜಿ ಕುತ್ತಿಗೆ ಕೆಂಪಗಾಗಿತ್ತು. ಆ ಶ್ಯಾಂಪೂ ವಾಸನೆಗೆ ವಿನೋದಿನಿಗೆ ಮಹಡಿಯನ್ನೇ ಹತ್ತಲಾಗಲಿಲ್ಲ. ಅಲ್ಲಿಂದಾಚೆ ಮಗಳಿಗೆ ಜಡೆ ಹಾಕುವುದು, ಎಣ್ಣೆ ಹಚ್ಚುವುದು, ಮಲಗಿಸುವುದೆಲ್ಲ ಸ್ಕಂದನ ಪಾಲಿಗೆ ಬಂತು. ಅವನು ಹಾಕಿದ ಜಡೆ ಶಾಲೆ ಮುಟ್ಟುವ ಮುಂಚೆಯೇ ಬಿಚ್ಚಿಹೋಗುತ್ತಿತ್ತು. ಇಂಚರಾ ಅಮ್ಮನಿಂದ ಒಂದು ಮೇಜಿನಷ್ಟು ದೂರ ನಿಲ್ಲುವುದನ್ನು ತಾನಾಗಿಯೇ ಕಲಿತಳು. ಊರೆಲ್ಲ ದೂರ ದೂರ ನಿಲ್ಲುವ ಕಾಲ, ಮಗುವಿಗೆ ಅದೇನು ಹೊಸದಲ್ಲ ಎಂದು ವಿನೋದಿನಿ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡಳು ಅಷ್ಟೆ, ನಂಬಲಿಲ್ಲ. ಹೆತ್ತ ಮಗುವನ್ನು ಕಂಡರೆ ಹೊಟ್ಟೆ ತೊಳಸುತ್ತದಲ್ಲ, ಇಂಥ ತಾಯಿಯನ್ನು ಎಲ್ಲಾದರೂ ಕಂಡಿದ್ದೀರಾ?

ಅಕ್ಟೋಬರಿನಲ್ಲಿ ಮತ್ತೆ ಲಾಕ್‌ಡೌನ್. ಜನರಿಗೆ ಬೇಸರವಾಗದಿರಲಿ ಎಂದು ಸ್ಕಂದನ ಆಫೀಸಿನವರು ಒಂದು ಆನ್‌ಲೈನ್ ಕೂಟ ಇಟ್ಟರು: ಜಪಾನಿನ ಸಾಕೆ, ಅಂದರೆ ಅಕ್ಕಿಯ ಹೆಂಡ, ಅದರ ಬಗೆಬಗೆಯ ರುಚಿ ನೋಡುವುದು. ಬಾಟಲಿಗಳನ್ನು ಮನೆಮನೆಗೆ ಕಳಿಸುತ್ತಾರೆ, ಎಲ್ಲರೂ ಅವರವರ ಮನೆಯಲ್ಲೇ ಕೂತು ಕುಡಿಯಬೇಕು. ಸ್ಕಂದ ಇದನ್ನು ಹೆಂಡತಿಗೆ ಹೇಳಿರಲಿಲ್ಲ. ಹೇಳುವ ಧೈರ್ಯ ಯಾವ ಗಂಡಸಿಗಿತ್ತು ಆ ಮನೆಯಲ್ಲಿ?

ಪೆಟ್ಟಿಗೆ ಬಂದಾಗ ಅವನು ಮೀಟಿಂಗಿನಲ್ಲಿದ್ದ. ಆ ದಿನಗಳಲ್ಲಿ ಹೊಸಿಲು ದಾಟಿದ ಪ್ರತಿ ವಸ್ತುವನ್ನೂ ವಿನೋದಿನಿ ಬಟ್ಟೆಯಲ್ಲಿ ಒರೆಸಿಯೇ ಒಳಗೆ ಬಿಡುತ್ತಿದ್ದಳು. ಉಸಿರು ಬಿಗಿಹಿಡಿದು ಪೆಟ್ಟಿಗೆ ಬಿಚ್ಚಿದಳು. ಐದು ಪುಟ್ಟ ಬಾಟಲಿ. ಚೀಟಿಯ ಮೇಲೆ ಓದಿ ಹೆಂಡವೆಂದು ತಿಳಿದದ್ದೇ ತಡ, ಸಿಟ್ಟು ನೆತ್ತಿಗೇರಿತು. ಅಷ್ಟರಲ್ಲಿ ಒಂದರ ಮುಚ್ಚಳ ಸಡಿಲಾಗಿ ಅವಳ ಬೆರಳೆಲ್ಲ ಒದ್ದೆ. "ಛೀ, ಕರ್ಮ!" ಎಂದು ಕೈ ಕೊಡವಿದಳು. ಉಸಿರು ಎಷ್ಟು ಹೊತ್ತು ಹಿಡಿದಾಳು? ಬಿಟ್ಟಳು, ಎಳೆದುಕೊಂಡಳು.

ಬಾಳೆಹಣ್ಣು. ಆಗಷ್ಟೇ ಸುಲಿದ ಏಲಕ್ಕಿ ಬಾಳೆಹಣ್ಣು, ಹಿಂದೆಯೇ ಸೇಬಿನ ಸಿಪ್ಪೆ. ಇಲಿ ಇಲ್ಲ, ಟಯರಿಲ್ಲ, ಸೆಂಟಿಲ್ಲ. ಇನ್ನೊಮ್ಮೆ ಮೂಸಿದಳು. ಅದೇ. ತಿಂಗಳುಗಳ ಮೇಲೆ ಮೊದಲ ಬಾರಿಗೆ ಒಂದು ಶುದ್ಧ ವಾಸನೆ ಅವಳೊಳಕ್ಕೆ ಹೋಗಿತ್ತು. ಬಾಗಿಲ ಚಾಪೆಯ ಮೇಲೆ ಕೂತು, ಹೆಂಡ ಬಳಿದ ಕೈಯನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು.

ಆಮೇಲೆ ಎದ್ದು ಕಣ್ಣೊರೆಸಿಕೊಂಡಳು. ಬಾಟಲಿಗಳನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟಳು. ಸ್ಕಂದ ಕಳ್ಳನ ಹಾಗೆ ಅದನ್ನು ಎತ್ತಿಕೊಂಡು ಷೆಡ್ಡಿಗೆ ಹೋಗುವುದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಕೂಟ ಶುರುವಾಗಿರಬಹುದು ಎನ್ನುವ ಹೊತ್ತಿಗೆ ಶಾಲು ಹೊದ್ದು ಹಿತ್ತಲಿಗೆ ಇಳಿದು ಬಾಗಿಲು ತಳ್ಳಿದಳು.

ಸ್ಕಂದ ಟೋಪಿ, ಕೋಟು ಹಾಕಿಕೊಂಡು, ಅಕ್ಕಿ ಮೂಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ. ಪರದೆಯ ಮೇಲೆ ಓರ್ಲಾ ಎನ್ನುವ ಕಾರ್ಕ್‌ನ ಹೆಂಗಸು, ಜಪಾನಿನಲ್ಲಿ ಇದ್ದು ಬಂದವಳಂತೆ, ಪಾಠ ಹೇಳುತ್ತಿದ್ದಳು. ಸಾಕೆ ಕುಡಿಯುವಾಗ ತನ್ನ ಲೋಟಕ್ಕೆ ತಾನೇ ಬಗ್ಗಿಸಿಕೊಳ್ಳಬಾರದು, ಪಕ್ಕದವರು ಬಗ್ಗಿಸಬೇಕು, ಈ ಕಾಲದಲ್ಲಿ ಪಕ್ಕದವರನ್ನು ಎಲ್ಲಿಂದ ತರೋಣ, ಇವತ್ತೊಂದು ದಿನ ಮಾಫಿ ಎಂದು ನಗುತ್ತಿದ್ದಳು. ವಿನೋದಿನಿಯನ್ನು ಕಂಡು ಸ್ಕಂದ ಲೋಟವನ್ನು ಹುಲ್ಲಿನ ಯಂತ್ರದ ಹಿಂದೆ ತಳ್ಳಿದ.

"ಕ್ಯಾಮೆರಾ ಆನ್ ಇದೆ ಕಣೇ, ಆಮೇಲೆ ಬಯ್ಯಿ."

"ಬಯ್ಯಕ್ಕೆ ಬಂದಿಲ್ಲ. ಇದ್ರಲ್ಲಿ ಯಾವುದೋ ಒಂದು ಬಾಳೆಹಣ್ಣಿನ ವಾಸನೆ ಬರತ್ತೆ. ಯಾವುದದು?"

ಸ್ಕಂದ ಅವಳ ಮುಖ ನೋಡಿದ. "ನಿಂಗೆ ಬರ್ತಿದ್ಯಾ? ನಿಜವಾಗ್ಲೂ?"

"ಕೊಡೋ ಮಾರಾಯ, ಒಂದೊಂದಾಗಿ ಕೊಡು."

ಅವನು ಬಾಟಲಿಗಳನ್ನು ಸಾಲಾಗಿ ಇಟ್ಟು ಬಗ್ಗಿಸತೊಡಗಿದ. ಮೊದಲನೆಯದು ಜುನ್ಮಾಯ್. ಇದರಲ್ಲಿ ಅಕ್ಕಿ, ನೀರು, ಅಕ್ಕಿಯ ಮೇಲೆ ಬೇಕೆಂದೇ ಬೆಳೆಸಿದ ಬೂಷ್ಟು, ಇಷ್ಟು ಬಿಟ್ಟರೆ ಇನ್ನೇನಿಲ್ಲ ಎಂದಳು ಓರ್ಲಾ ಬಲು ಹೆಮ್ಮೆಯಿಂದ. "ಬೂಷ್ಟು ಹಿಡಿದ ಅನ್ನಾನ? ಥೂ ಇವರ!" ಎನ್ನುತ್ತಲೇ ವಿನೋದಿನಿ ಮೂಸಿದಳು. ಬಿಸಿ ಅನ್ನದ ಆವಿ, ಅಂದರೆ ಅವಳ ಈಗಿನ ಮೂಗಿಗೆ, ಒದ್ದೆ ಬಟ್ಟೆಯನ್ನು ವಾರಗಟ್ಟಲೆ ಬಕೆಟ್ಟಿನಲ್ಲೇ ಮರೆತ ನಾತ. ನಾಲಿಗೆಗೆ ತಾಗಿಸಿ ಪಕ್ಕಕ್ಕೆ ಉಗಿದಳು. ಎರಡನೆಯದು ನಿಗೋರಿ, ಸರಿಯಾಗಿ ಸೋಸದ್ದು, ಬೆಳ್ಳಗೆ, ತಳದಲ್ಲಿ ಗಸಿ. "ಕಲಗಚ್ಚು ಕಣೋ ಇದು! ಹಸುಗೆ ಇಡೋದು!" ಬಾಯಿಗೆ ಹಾಕಿದರೆ ಸಿಹಿ, ಹಿಟ್ಟುಹಿಟ್ಟು, ಗಂಟಲಿಗೆ ಅಂಟಿಕೊಂಡಿತು. ಮೂರನೆಯ ಯಾಮಾಹಾಯ್ ಹಳೇ ಕ್ರಮದ್ದಂತೆ, ಗಾಳಿಯಲ್ಲಿನ ಹುಳಿಯನ್ನೇ ನಂಬಿ ಮಾಡುವುದಂತೆ. ಉಕ್ಕಿ ಚೆಲ್ಲಿದ ದೋಸೆಹಿಟ್ಟಿಗೆ ಯಾರೋ ಕಾಲುಚೀಲ ಅದ್ದಿದ್ದರು. ನಾಲ್ಕನೆಯದಕ್ಕೆ ಕೋಶು ಎಂದು ಹೆಸರು, ವರ್ಷಗಟ್ಟಲೆ ಇಟ್ಟು ಕಂದಾಗಿಸಿದ್ದು. ಓರ್ಲಾ ಕಣ್ಣು ಮುಚ್ಚಿ ಆಹಾ ಎಂದಳು. ಸುಟ್ಟ ಬೆಲ್ಲದಂತಿದೆ, ಹುರಿದ ಬೀಜದಂತಿದೆ ಎಂದಳು. ಹುರಿದದ್ದು, ಸುಟ್ಟದ್ದು ಎಂದರೇ ವಿನೋದಿನಿಗೆ ಯಮ. ಲೋಟ ಮೂಗಿನ ಹತ್ತಿರ ಬರುವ ಮೊದಲೇ ಹೊರಗೋಡಿ ಹುಲ್ಲಿನ ಮೇಲೆ ಕಾರಿಕೊಂಡಳು. ಒಳಗಿನಿಂದ ಓರ್ಲಾಳ ದನಿ, "ಈಸ್ ಶೀ ಆಲ್‌ರೈಟ್?" ಅದಕ್ಕೆ ಸ್ಕಂದ, "ಶೀ ಈಸ್ ಗ್ರ್ಯಾಂಡ್, ಶೀ ಈಸ್ ಗ್ರ್ಯಾಂಡ್."

ಬಾಯಿ ಒರೆಸಿಕೊಂಡು ಮತ್ತೆ ಒಳಗೆ ಬಂದಳು. ಕೊನೆಯದು ಸಡಿಲ ಮುಚ್ಚಳದ್ದು. ಅಕ್ಕಿಯ ಮೇಲ್ಪದರವನ್ನೆಲ್ಲ ಉಜ್ಜಿ ತೆಗೆದು, ಉಳಿದ ತಿರುಳನ್ನು ಚಳಿಯಲ್ಲಿ ನಿಧಾನಕ್ಕೆ ಹುದುಗಿಸಿ ಮಾಡುವ ಇದಕ್ಕೆ ಗಿಂಜೊ ಎನ್ನುತ್ತಾರೆ ಎಂದಳು ಓರ್ಲಾ. ಸ್ಕಂದ ಬಗ್ಗಿಸಿ ಕೊಟ್ಟ. ಬಾಳೆಹಣ್ಣು, ಸೇಬು, ಬೆಳಗಿನ ಥಂಡಿ ಗಾಳಿ. ಹೆಂಡದ ವಾಸನೆಯೂ ಇತ್ತು, ಇಲ್ಲವೆಂದಲ್ಲ, ಆದರೆ ಅದು ಬಾಗಿಲಾಚೆ ನಿಂತಿತ್ತು. ಒಂದು ಗುಟುಕು ಕುಡಿದಳು. ಮೂವತ್ತಾರು ವರ್ಷ ಒಂದು ಹನಿ ಮುಟ್ಟದವಳು ಹುಲ್ಲಿನ ಯಂತ್ರಕ್ಕೆ ಒರಗಿ ಕೂತು ಇನ್ನೊಂದು ಗುಟುಕು ಕುಡಿದಳು. ಬಾಯೊಳಗೆ ರುಚಿ ಅನ್ನುವುದೊಂದು ಇತ್ತು. ಪರದೆಯ ಮೇಲಿದ್ದವರೆಲ್ಲ ಲೋಟ ಎತ್ತಿ ಅವಳಿಗೆ ಜೈ ಅಂದರು.

ಅಲ್ಲಿಗೆ ಒಗ್ಗರಣೆ ಷೆಡ್ಡಿನಲ್ಲಿ, ಹೆಂಡ ಅಡುಗೆಮನೆಯಲ್ಲಿ ಎಂದಾಯಿತು. ಸ್ಕಂದ ಹುಡುಕಿ ಹುಡುಕಿ ಬೇರೆ ಬೇರೆ ಗಿಂಜೊ ತರಿಸಿದ. ಸಂಜೆ ಹೊತ್ತು ಇಬ್ಬರೂ ಮೇಜಿನ ಮುಂದೆ ಕೂತು ಅವನು ಅವಳಿಗೆ, ಅವಳು ಅವನಿಗೆ ಬಗ್ಗಿಸಿ ಮೂಸುವುದು. ಒಂದರಲ್ಲಿ ಕರಬೂಜ, ಒಂದರಲ್ಲಿ ಪೇರ್ ಹಣ್ಣು, ಇನ್ನೊಂದರ ಚೀಟಿಯಲ್ಲಿ ಹೂವೆಂದಿತ್ತು, ಮುಚ್ಚಳ ತೆಗೆದರೆ ಫಿನಾಯಿಲ್. ಬಹುಪಾಲು ಸಿಂಕಿಗೆ ಹೋಯಿತು. ಕೊನೆಗೆ ಅವಳ ಮೂಗು ಒಪ್ಪಿದ್ದು ಮೊದಲನೆಯ ಆ ಗಿಂಜೊ ಒಂದನ್ನೇ. ಅದರ ದೊಡ್ಡ ಬಾಟಲಿ ತರಿಸಿ ಫ್ರಿಜ್ಜಿನ ಬಾಗಿಲಲ್ಲಿ ನಿಲ್ಲಿಸಿಕೊಂಡಳು. ಕುಡಿಯುತ್ತಿದ್ದುದು ನಾಲಿಗೆ ತೋಯುವಷ್ಟು, ಬೇಕಿದ್ದದ್ದು ವಾಸನೆ. ಆದರೂ ಬೆಳಗ್ಗೆ ಎದ್ದು ಹಲ್ಲುಜ್ಜುವ ಮೊದಲು ಬಾಟಲಿ ಮುಚ್ಚಳ ತೆಗೆದು ಮೂಸುವ ತನ್ನನ್ನು ಕಂಡರೆ ಅವಳಿಗೇ ಅಸಹ್ಯ. "ನಮ್ಮ ಚಿಕ್ಕಪ್ಪನೇ ವಾಸಿ. ಅವನು ಸಂಜೆ ತನಕ ಆದ್ರೂ ಕಾಯ್ತಿದ್ದ" ಅಂತಿದ್ದಳು.

ಇಷ್ಟರಲ್ಲಿ ಅವರಿಬ್ಬರೂ ಒಂದು ದೊಡ್ಡ ತಪ್ಪು ಮಾಡುತ್ತಿದ್ದರು. ಆ ಊರಿನ ನಮ್ಮವರೆಲ್ಲ ಮಾಡುವ ತಪ್ಪೇ ಅದು. ಮಕ್ಕಳು ಬಾಯಿ ಬಿಟ್ಟರೆ ಇಂಗ್ಲಿಷು, ಅದೂ ಕಾರ್ಕ್‌ನವರ ರಾಗದ ಇಂಗ್ಲಿಷು. ಹಾಗಾಗಿ ಮಕ್ಕಳ ಕಿವಿಗೆ ಬೀಳಬಾರದ್ದನ್ನು ಕನ್ನಡದಲ್ಲಿ ಆಡಿಕೊಂಡರೆ ಆಯಿತು ಎಂದು ದೊಡ್ಡವರ ಲೆಕ್ಕಾಚಾರ. ಮಾತಾಡದಿದ್ದರೆ ಅರ್ಥವೂ ಆಗುವುದಿಲ್ಲ ಎಂದು ಯಾವ ಪುಣ್ಯಾತ್ಮ ಹೇಳಿದನೋ! ಇಂಚರಾ ಮೆಟ್ಟಿಲ ಮೇಲೆ ಕೂತು ಚಿತ್ರ ಬರೆಯುತ್ತಿರುವಾಗಲೇ ಅಪ್ಪ ಅಮ್ಮ ಮೇಜಿನ ಮುಂದೆ ಗಂಟಲು ಬಿಟ್ಟು ಮಾತಾಡುತ್ತಿದ್ದರು. ಅವಳು ಕಾಣುತ್ತಿದ್ದುದು ಇಷ್ಟು: ಅಮ್ಮ ಬಾಟಲಿಯನ್ನು ಮೂಗಿಗಿಟ್ಟರೆ ಕಣ್ಣು ಮುಚ್ಚಿ ನಗುತ್ತಾಳೆ, ತಾನು ನೀರು ಕುಡಿಯಲು ಮೇಜಿನ ಬಳಿ ಬಂದರೆ ಅಮ್ಮನ ಮುಖ ಗಂಟಾಗುತ್ತದೆ.

ದೀಪಾವಳಿ ಹತ್ತಿರ ಬಂತು. ನರಕ ಚತುರ್ದಶಿಯ ಬೆಳಗ್ಗೆ ಮಕ್ಕಳನ್ನು ಮಣೆಯ ಮೇಲೆ ಕೂರಿಸಿ, ಆರತಿ ಎತ್ತಿ, ತಾಯಿಯಾದವಳು ನೆತ್ತಿಗೆ ಎಣ್ಣೆ ಒತ್ತಬೇಕು. ಇಂಚರಾ ಹುಟ್ಟಿದಾಗಿನಿಂದ ಅದು ತಪ್ಪಿರಲಿಲ್ಲ. ಮೈಸೂರಿನಿಂದ ಅಮ್ಮ ಫೋನಿನಲ್ಲಿ, "ಏನ್ ಬಿಟ್ರೂ ಬಿಡು, ಮಗೂಗೆ ಎಣ್ಣೆ ಇಡೋದು ಮಾತ್ರ ಬಿಡಬೇಡ್ವೇ, ತಾಯಿ ಕೈಯಲ್ಲೇ ಆಗ್ಬೇಕು" ಅಂದಳು. ಬೇರೆ ವರ್ಷವಾಗಿದ್ದರೆ ವಿನೋದಿನಿ ಹೂಂ ಎಂದು ಫೋನಿಡುತ್ತಿದ್ದಳು. ಈ ವರ್ಷ ಫೋನಿಟ್ಟು ಅಡುಗೆಮನೆಯಲ್ಲಿ ಎಣ್ಣೆ ಡಬ್ಬಿಯ ಮುಂದೆ ನಿಂತಳು. ಬಿಸಿ ಎಣ್ಣೆ, ಮಗಳ ಕೂದಲು, ಮಗಳ ನೆತ್ತಿ, ಮೂರೂ ಒಟ್ಟಿಗೆ. ಇದೊಂದನ್ನು ಮಾಡಲಾಗದಿದ್ದರೆ ನಾನು ಇವಳಿಗೆ ಏನಾಗಬೇಕು? ಬಾಡಿಗೆಗೆ ಇರುವ ಹೆಂಗಸೇ? ಮಾಡಲೇಬೇಕು ಎಂದು ಹಟ ಹಿಡಿದಳು.

ಹಿಂದಿನ ಸಂಜೆ ನೀರು ತುಂಬುವ ಹೊತ್ತು. ಹಂಡೆ ಎಲ್ಲಿ ಬರಬೇಕು, ನೀರು ಕಾಯಿಸುವ ಇಮ್ಮರ್ಶನ್ ಸ್ವಿಚ್ಚಿಗೇ ಅರಿಶಿನ ಕುಂಕುಮ ಹಚ್ಚಿದಳು. ಸ್ಕಂದ ಮೇಜಿನ ಮೇಲೆ ಲೋಟ ಇಡುತ್ತ, "ನಾನೇ ಹಚ್ತೀನಿ ಬಿಡೇ, ದೇವರೇನು ಕೇಸ್ ಹಾಕಲ್ಲ" ಅಂದ.

"ಇಲ್ಲ ಕಣೋ. ನಾನೇ ಹಚ್ಚಬೇಕು. ಒಂದು ಉಪಾಯ ಮಾಡಿದೀನಿ. ಮಾಸ್ಕ್ ಇದ್ಯಲ್ಲ, ಅದರ ಒಳಗಡೆ ಗಿಂಜೊ ನಾಲ್ಕು ಹನಿ ಹಾಕ್ಕೊಂಡು ಬಿಗಿಯಾಗಿ ಕಟ್ಟಿಕೋತೀನಿ. ಆಗ ಅವಳ ವಾಸನೆ ಬರಲ್ಲ."

"ತಡ್ಕೋತೀಯಾ?"

"ಏನು ಹೇಳ್ಲಿ. ಅವಳು ಹತ್ರ ಬಂದ್ರೇನೇ ವಾಂತಿ ಬರತ್ತೆ ಕಣೋ. ಸ್ವಂತ ಮಗು ಕಣೋ. ಆ ಬಾಟ್ಲಿ ವಾಸನೆ ಒಂದೇ ನಂಗೆ ಹಿತ ಅನ್ಸೋದು. ಅದೊಂದು ಇದ್ರೆ ತಡ್ಕೋತೀನಿ."

ಮೆಟ್ಟಿಲ ಮೇಲೆ ಬಣ್ಣದ ಪೆನ್ಸಿಲ್ಲಿನ ಸದ್ದು ನಿಂತಿತು. ಇಬ್ಬರೂ ಗಮನಿಸಲಿಲ್ಲ.

ನವೆಂಬರಿನ ಬೆಳಗ್ಗೆ ಏಳಕ್ಕೂ ಆ ಊರಿನಲ್ಲಿ ಕತ್ತಲೆ. ವಿನೋದಿನಿ ಮೊದಲೇ ಮಾಸ್ಕ್ ಕಟ್ಟಿ, ಮುಖ ಆಚೆ ತಿರುಗಿಸಿಕೊಂಡು, ಬೆಳ್ಳಿ ಬಟ್ಟಲಲ್ಲಿ ಎಣ್ಣೆ ಬೆಚ್ಚಗೆ ಮಾಡಿದಳು. ಗಿಂಜೊಗೆಂದು ಫ್ರಿಜ್ಜಿನ ಬಾಗಿಲು ತೆಗೆದರೆ ಬಾಟಲಿ ಇಲ್ಲ. ಸ್ಕಂದನನ್ನು ಕೂಗಿದಳು. ಅವನು ಕಣ್ಣುಜ್ಜುತ್ತ, "ನಾನ್ ಮುಟ್ಟಿಲ್ಲಮ್ಮಾ" ಅಂದ. ಆಗ ಮೇಲಿನ ಬಚ್ಚಲಿನಿಂದ ಏನೋ ಉರುಳಿದ ಸದ್ದಾಯಿತು.

ಎಣ್ಣೆ ಬಟ್ಟಲು ಹಿಡಿದುಕೊಂಡೇ ಹತ್ತಿ ಹೋದಳು. ಇಂಚರಾ ಹಳೇ ಟವೆಲು ಸುತ್ತಿಕೊಂಡು, ತಾನೇ ಮಣೆ ಹಾಕಿಕೊಂಡು ಕೂತಿದ್ದಳು. ಕೂದಲಿನಿಂದ ತೊಟತೊಟ ಹನಿ. ಕಣ್ಣೆರಡೂ ಉರಿಯಿಂದ ಕೆಂಪು. ಪಕ್ಕದಲ್ಲಿ ದೊಡ್ಡ ಬಾಟಲಿ ಮಗುಚಿ ಬಿದ್ದಿತ್ತು, ಒಂದು ಹನಿಯೂ ಉಳಿದಿರಲಿಲ್ಲ.

"ಹ್ಯಾಪಿ ದೀಪಾವಳಿ, ಅಮ್ಮಾ. ಐ ಪುಟ್ ಇಟ್ ಆಲ್ ಆನ್. ಇಟ್ ಸ್ಟಿಂಗ್ಸ್ ಎ ಬಿಟ್." ಆಮೇಲೆ ಹುಡುಗಿ ಕನ್ನಡದಲ್ಲಿ, ಒಂದೊಂದೇ ಮಾತು ಹುಡುಕಿ ಕೇಳಿದಳು: "ಈಗ ನಾನು ಹತ್ರ ಬಂದ್ರೆ... ವಾಂತಿ ಬರಲ್ಲ ಅಲ್ವಾ?"

ವಿನೋದಿನಿ ಬಟ್ಟಲನ್ನು ನೆಲದ ಮೇಲಿಟ್ಟಳು. ತಾವು ಆಡಿದ್ದೆಲ್ಲ, ಇಷ್ಟು ದಿನ ಆ ಮೇಜಿನ ಮುಂದೆ ಆಡಿದ ಒಂದೊಂದು ಮಾತೂ ಈ ಕಿವಿಗೆ ಬಿದ್ದಿತ್ತು. ಥೂ ನನ್ನ ಜನ್ಮಕ್ಕೆ ಎಂದುಕೊಂಡಳು. ಸತ್ತ ಇಲಿಗಿಂತ, ಸುಟ್ಟ ಟಯರಿಗಿಂತ ಅವಳಿಗೆ ತನ್ನ ಬಾಯಿ ಅಸಹ್ಯವಾಯಿತು.

ಮಣೆಯ ಹಿಂದೆ ಕೂತಳು. ಮಾಸ್ಕ್ ಒಣಗಿಯೇ ಇತ್ತು, ಅದರಿಂದ ಏನೂ ತಡೆಯಲಿಲ್ಲ. ಬಾಳೆಹಣ್ಣಿಲ್ಲ, ಸೇಬಿಲ್ಲ. ಮಗಳ ಬೆಚ್ಚಗಿನ ನೆತ್ತಿಯ ಮೇಲೆ ಆ ಗಿಂಜೊ ಮುರಿದು, ಕೊಳೆತು, ಇಷ್ಟು ತಿಂಗಳಲ್ಲಿ ಅವಳು ಕಂಡರಿಯದ ಹೊಲಸಾಗಿ ಹಬೆಯಾಡುತ್ತಿತ್ತು. ಇದ್ದ ಒಂದು ಒಳ್ಳೆಯ ವಾಸನೆಯೂ ಹೋಯಿತು, ಇನ್ನು ಅದನ್ನು ಮೂಸಿದಾಗಲೆಲ್ಲ ಇದೇ ಬರುತ್ತದೆ ಎಂದು ಅವಳಿಗೆ ಗೊತ್ತಾಯಿತು. ಬಾಗಿಲಲ್ಲಿ ಸ್ಕಂದ ಬಕೆಟ್ಟು ಹಿಡಿದು ನಿಂತು, ಎದ್ದು ಬಾ ಎಂದು ಕಣ್ಣಲ್ಲೇ ಸನ್ನೆ ಮಾಡಿದ. ಅವಳು ಬರಲ್ಲ ಎಂದು ತಲೆಯಾಡಿಸಿದಳು. ಮಗಳು ತಿರುಗಿ ಅವಳ ಮುಖವನ್ನೇ ನೋಡುತ್ತಿದ್ದಳು, ಎಲ್ಲಿ ಗಂಟಾಗುತ್ತದೋ ಎಂದು.

ವಿನೋದಿನಿ ಮಾಸ್ಕ್ ಬಿಚ್ಚಿ ಪಕ್ಕಕ್ಕಿಟ್ಟಳು.

"ಈಸ್ ಇಟ್ ನೈಸ್, ಅಮ್ಮಾ?"

"ಘಮಘಮ ಅಂತಿದೀಯಾ ಕಂದಾ" ಎಂದಳು. ಎಣ್ಣೆಯನ್ನು ಅಂಗೈಗೆ ಬಗ್ಗಿಸಿಕೊಂಡು ನೆತ್ತಿಗೆ ಒತ್ತಿದಳು, ತಟ್ಟಿದಳು, ಕಿವಿಯ ಹಿಂದೆ, ಕುತ್ತಿಗೆಗೆ, ಬುಡಬುಡಕ್ಕೂ ಬೆರಳಾಡಿಸಿದಳು. ಕೈ ಒಮ್ಮೆಯೂ ನಿಲ್ಲಿಸಲಿಲ್ಲ. ಇಂಚರಾಳ ಬಿಗಿದ ಭುಜ ನಿಧಾನಕ್ಕೆ ಸಡಿಲಾಯಿತು. ಹಿಂದಕ್ಕೆ ಒರಗಿ, ಒದ್ದೆ ತಲೆಯನ್ನು ಅಮ್ಮನ ಎದೆಗೆ ಇಟ್ಟಳು. ವಿನೋದಿನಿ ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಮಗಳ ನೆತ್ತಿಗೆ ಮೂಗು ಒತ್ತಿ, ಅವಳಿಗೆ ಕೇಳಿಸುವ ಹಾಗೆ ದೀರ್ಘವಾಗಿ ಉಸಿರೆಳೆದುಕೊಂಡಳು.